ಊರಂಚಿನ ಚರ್ಚುಗಳ ದಫ್ತರ



ಬೆಂಗಳೂರಿನ ಚರ್ಚುಗಳು ಎಂದ ಕೂಡಲೇ ಮಾತು ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಕಡೆ ಹೊರಳುತ್ತದೆ. 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾದ ಗೋಥಿಕ್ ಶೈಲಿಯ ಕಟ್ಟಡ ಅದು. ಪ್ರತಿ ವರ್ಷ ಅದೇ ದಿನ ಸೀರೆಯುಟ್ಟ ಮಾತೆ ತೇರೇರಿ ಬೀದಿಗೆ ಬರುತ್ತಾಳೆ. ಕೇಸರಿ ಬಟ್ಟೆ ತೊಟ್ಟ ಭಕ್ತರು ಸಾವಿರಗಟ್ಟಲೆ ಸೇರುತ್ತಾರೆ. ಪತ್ರಿಕೆಗಳು ಬರೆಯುತ್ತವೆ, ಕ್ಯಾಮೆರಾಗಳು ಬರುತ್ತವೆ. ಆ ಚರ್ಚಿನ ಚರಿತ್ರೆಯನ್ನು ಯಾರೂ ಮರೆಯುವ ಹಾಗಿಲ್ಲ.

ನಾನು ಮಾತಾಡಬೇಕೆಂದಿರುವುದು ನಗರದ ಅಂಚಿನಲ್ಲಿರುವ ಚರ್ಚುಗಳ ಬಗ್ಗೆ. ಹೆಸರಘಟ್ಟದ ರಸ್ತೆ, ಕನಕಪುರದ ರಸ್ತೆ, ಸರ್ಜಾಪುರದ ರಸ್ತೆ, ಜಾಲಹಳ್ಳಿ, ವೈಟ್‌ಫೀಲ್ಡ್, ಕಾರ್ಮೆಲರಾಂ, ಹೀಗೆ ಬೆಂಗಳೂರು ತನ್ನ ಸುತ್ತಲಿನ ಹಳ್ಳಿಗಳನ್ನು ಒಳಗೆ ಎಳೆದುಕೊಂಡ ಕಡೆಯಲ್ಲೆಲ್ಲ ಒಂದೊಂದು ಕಥೋಲಿಕ ಧರ್ಮಕೇಂದ್ರ ಸಿಗುತ್ತದೆ. ಕೆಲವು ನೂರು ವರ್ಷ ದಾಟಿದವು, ಕೆಲವು ಮೊನ್ನೆ ಮೊನ್ನೆ ಆದವು. ಭಾನುವಾರಗಳಲ್ಲಿ ಇಂಥ ಊರುಗಳಿಗೆ ಹೋಗಿ ಪೂಜೆ ಮುಗಿದ ಮೇಲೆ ಜನರ ಜೊತೆ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಗೋಡೆಯ ಮೇಲಿನ ಕಲ್ಲು, ಸಮಾಧಿ, ಗಂಟೆ, ಹಳೆಯ ಫೋಟೊ ಇವನ್ನೆಲ್ಲ ಗುರುತು ಹಾಕಿಕೊಳ್ಳುವುದು ಕೆಲವು ಕಾಲದಿಂದ ನಾನು ಮಾಡುತ್ತ ಬಂದಿರುವ ಕೆಲಸ. ಮಾಡುತ್ತ ಮಾಡುತ್ತ ನನಗೆ ಗಟ್ಟಿಯಾದ ಒಂದು ಮಾತು ಇದು: ಬೆಂಗಳೂರಿನ ಹೊರವಲಯದ ದುಡಿಯುವ ಜನರ ಚರಿತ್ರೆ ಬೇರೆಲ್ಲೂ ಉಳಿಯದಷ್ಟು ಚೆನ್ನಾಗಿ ಈ ಚರ್ಚುಗಳ ದಫ್ತರಗಳಲ್ಲಿ ಮತ್ತು ಅಲ್ಲಿನ ಮುದುಕರ ಬಾಯಲ್ಲಿ ಉಳಿದಿದೆ. ಅದನ್ನು ತೆಗೆದಿಡುವ ಕೆಲಸ ತಡವಾಗುತ್ತಿದೆ.

ಮೊದಲು ಧರ್ಮಕೇಂದ್ರ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಕಟ್ಟಡಕ್ಕೆ ಆ ಹೆಸರಲ್ಲ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಅದು ಒಂದು ಜನಸಮುದಾಯ. ಧರ್ಮಾಧ್ಯಕ್ಷರು ಒಬ್ಬ ಗುರುವಿನ ಕೈಗೆ ಒಪ್ಪಿಸಿದ, ಸ್ಥಿರವಾಗಿ ನೆಲೆನಿಂತ ವಿಶ್ವಾಸಿಗಳ ಗುಂಪು. ಸಾಮಾನ್ಯವಾಗಿ ಅದಕ್ಕೊಂದು ಎಲ್ಲೆ ಇರುತ್ತದೆ. ಈ ರೈಲು ಹಳಿಯಿಂದ ಆ ಕೆರೆ ಏರಿಯ ತನಕ, ಈ ಮುಖ್ಯರಸ್ತೆಯಿಂದ ಆ ರಾಜಕಾಲುವೆಯ ತನಕ ಎಂದು ಗುರುತು. ಆ ಎಲ್ಲೆಯೊಳಗೆ ಹುಟ್ಟಿದ, ಮದುವೆಯಾದ, ಸತ್ತ ಕಥೋಲಿಕರೆಲ್ಲರ ಹೆಸರು ಅಲ್ಲಿನ ಪುಸ್ತಕಗಳಿಗೆ ಸೇರುತ್ತದೆ. ಜನ ಹೆಚ್ಚಾದಾಗ ದೊಡ್ಡ ಧರ್ಮಕೇಂದ್ರ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೆಂಗಳೂರು ಧರ್ಮಪ್ರಾಂತ್ಯವೇ ಹೀಗೆ 1940ರಲ್ಲಿ ಮೈಸೂರಿನಿಂದ ಬೇರೆಯಾಗಿ, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ನಗರ ಯಾವ ದಿಕ್ಕಿಗೆ ಬೆಳೆಯಿತು ಎಂದು ತಿಳಿಯಬೇಕಾದರೆ ಯಾವ ವರ್ಷ ಯಾವ ಧರ್ಮಕೇಂದ್ರ ಒಡೆಯಿತು ಎಂಬ ಪಟ್ಟಿಯನ್ನು ಹಿಡಿದು ಕೂತರೆ ಬಹುಪಾಲು ತಿಳಿದುಹೋಗುತ್ತದೆ.

ಹೆಸರಘಟ್ಟದ ಕಡೆಯ ಸಿಲುವೆಪುರ, ಕನಕಪುರ ರಸ್ತೆಯ ಆಚೆಗಿರುವ ಮರಿಯಾಪುರ, ಈ ಎರಡು ಊರುಗಳ ಹುಟ್ಟನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. 1876ರಿಂದ 1878ರ ತನಕ ಮೈಸೂರು ಸಂಸ್ಥಾನವನ್ನು ಹಿಂಡಿದ ದೊಡ್ಡ ಬರವನ್ನು ನೀವು ಓದಿಯೇ ಇರುತ್ತೀರಿ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ 42 ಲಕ್ಷದ ಒಳಗೆ ಇಳಿದಿತ್ತು. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷದಷ್ಟು ಕುಗ್ಗಿತು ಎಂದರೆ ಎಷ್ಟು ಮನೆಗಳು ಬಾಗಿಲು ಹಾಕಿಕೊಂಡಿರಬೇಕು, ಎಷ್ಟು ಕೂಸುಗಳು ರಸ್ತೆಯ ಬದಿಯಲ್ಲಿ ಉಳಿದಿರಬೇಕು! ಹಾಗೆ ಉಳಿದ ಮಕ್ಕಳಲ್ಲಿ ಕೆಲವರನ್ನು ಪ್ಯಾರಿಸ್ ಮಿಶನ್ ಎಂಬ ಗುರುಗಳ ಸಂಘದ ಫ್ರೆಂಚ್ ಪಾದ್ರಿಗಳೂ ಅವರ ಜೊತೆಗಿದ್ದ ಕನ್ಯಾಸ್ತ್ರೀಯರೂ ಅನಾಥಾಲಯಗಳಲ್ಲಿ ಸಾಕಿದರು. ಮಕ್ಕಳು ಬೆಳೆದು ಮದುವೆಯ ವಯಸ್ಸಿಗೆ ಬಂದಾಗ ಅವರಿಗೆ ಹೊಲ ಬೇಕು, ಮನೆ ಬೇಕು, ಊರು ಬೇಕು. ಹಾಗೆ ಎದ್ದ ಒಕ್ಕಲುತನದ ಹಳ್ಳಿಗಳಲ್ಲಿ ಸಿಲುವೆಪುರ, ಮರಿಯಾಪುರ ಸೇರುತ್ತವೆ. ಈ ಊರುಗಳಲ್ಲಿ ಚರ್ಚು ಊರಿನ ಒಂದು ಮೂಲೆಯಲ್ಲಿ ಇರುವುದಿಲ್ಲ. ಚರ್ಚಿನ ಸುತ್ತ ಊರು ಹುಟ್ಟಿದೆ.

ಇಂಥದೇ ಮೂಲದ ಒಂದು ಮನೆತನದ ಅಜ್ಜಿಯ ಜೊತೆ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದೆ. "ಅಜ್ಜಿ, ನಿಮ್ಮ ಹಿರೀಕರು ಯಾವೂರಿಂದ ಬಂದೋರು?" ಎಂದು ಕೇಳಿದೆ. "ಯಾರಿಗ್ ಗೊತ್ತು ಸ್ವಾಮಿ," ಎಂದರು. "ನಮ್ ಮುತ್ತಜ್ಜೀನ ಬರದಾಗ ಎತ್ಕೊಂಡ್ ಬಂದ್ರಂತೆ. ಎಳೆ ಕೂಸು. ಅಪ್ಪ ಅವ್ವ ಯಾರು ಅಂತ ಅವಳ್ಗೇ ಗೊತ್ತಿರ್ನಿಲ್ಲ. ಸಾಯಗಂಟ ಅದನ್ನೇ ಅಂತಿದ್ಲಂತೆ." ಅಷ್ಟು ಹೇಳಿ, ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು. ಹಳೆಯ ಜ್ಞಾನಸ್ನಾನದ ಪುಸ್ತಕಗಳಲ್ಲಿ ಆ ಕಾಲದ ಮಕ್ಕಳ ಹೆಸರಿನ ಮುಂದೆ ತಂದೆತಾಯಿ ತಿಳಿಯದು ಎಂದು ಲ್ಯಾಟಿನ್‌ನಲ್ಲಿ ಬರೆದ ಎರಡು ಪದಗಳನ್ನು ಕಂಡವರಿಗೆ ಆ ಅಜ್ಜಿಯ ಮಾತಿನ ಭಾರ ತಿಳಿಯುತ್ತದೆ. ಬರದ ಬಗ್ಗೆ ಸರ್ಕಾರದ ವರದಿಗಳು ದಪ್ಪ ದಪ್ಪ ಸಂಪುಟಗಳಾಗಿ ಬಂದಿವೆ. ಅವುಗಳಲ್ಲಿ ಲಕ್ಷಗಳ ಲೆಕ್ಕ ಇದೆ. ಹೆಸರು ಇರುವುದು ಈ ಪುಸ್ತಕಗಳಲ್ಲಿ.

ಆ ಪುಸ್ತಕಗಳ ಬಗ್ಗೆಯೇ ಸ್ವಲ್ಪ ಹೇಳಬೇಕು. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ ಪ್ರತಿಯೊಬ್ಬ ಧರ್ಮಕೇಂದ್ರದ ಗುರು ಜ್ಞಾನಸ್ನಾನ ಮತ್ತು ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಕಟ್ಟಳೆ ಮಾಡಿತು. 1614ರ ರೋಮಿನ ವಿಧಿಗ್ರಂಥ ಸಾವುಗಳನ್ನೂ ಸೇರಿಸಿತು. ಇವತ್ತಿನ ಕಾನೂನಿನಲ್ಲೂ ಪ್ರತಿ ಧರ್ಮಕೇಂದ್ರ ಈ ಪುಸ್ತಕಗಳನ್ನು ಇಡಬೇಕು, ಅದಕ್ಕೆ ತನ್ನದೇ ಮೊಹರು ಇರಬೇಕು, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕು ಎಂದಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಜ್ಞಾನಸ್ನಾನದ ಪುಸ್ತಕದ ಅಂಚು. 1907ರಲ್ಲಿ ರೋಮಿನಿಂದ ಬಂದ ಆಜ್ಞೆಯೊಂದು ಮದುವೆಯಾದ ಕೂಡಲೇ ಆ ಸಂಗತಿಯನ್ನು ಅವರ ಜ್ಞಾನಸ್ನಾನವಾದ ಊರಿನ ಪುಸ್ತಕದಲ್ಲೂ ಬರೆಯಬೇಕು ಎಂದು ಹೇಳಿತು. ಹಾಗಾಗಿ ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃಗಳ ಹೆಸರು ಬರೆದ ಸಾಲಿನ ಪಕ್ಕದ ಅಂಚಿನಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದ ಮೇಲೆ ಬೇರೆ ಕೈ, ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು ಬರುತ್ತದೆ: ಇಂಥ ದಿನ, ಇಂಥ ಊರಿನಲ್ಲಿ, ಇಂಥವರೊಂದಿಗೆ ವಿವಾಹ. ದೃಢೀಕರಣ ಸಂಸ್ಕಾರವಾಗಿದ್ದರೆ ಅದೂ, ಯಾರಾದರೂ ಗುರುದೀಕ್ಷೆ ಪಡೆದಿದ್ದರೆ ಅದೂ ಅಲ್ಲೇ ಸೇರುತ್ತದೆ. ಹೊರವಲಯದ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳು ಕೋಲಾರದ ಚಿನ್ನದ ಗಣಿಯ ಕಡೆ ಮದುವೆಯಾಗಿ ಹೋದಳು, ಇನ್ನೊಬ್ಬ ಮಗ ಕಾಫಿ ತೋಟದ ಸೀಮೆಯಲ್ಲಿ ನೆಲೆ ಕಂಡ ಎನ್ನುವಂಥ ಸಂಗತಿಗಳನ್ನು ಕೂಲಿ ಮಾಡುವ ಕುಟುಂಬಗಳ ಮಟ್ಟಿಗೆ ಇಷ್ಟು ಖಚಿತವಾಗಿ ಬೇರೆ ಯಾವ ಕಡತ ಹೇಳೀತು?

ಭಾಷೆಯ ತೊಡಕು ಇದೆ. ಹಳೆಯ ಪುಸ್ತಕಗಳು ಲ್ಯಾಟಿನ್‌ನಲ್ಲಿವೆ, ನಡುನಡುವೆ ಫ್ರೆಂಚ್ ಟಿಪ್ಪಣಿ. ಊರುಗಳ ಹೆಸರನ್ನು ಫ್ರೆಂಚರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಅದನ್ನು ಬಿಡಿಸಲು ಊರಿನವರೇ ಬೇಕು. ಆದರೆ ಆ ಪಾದ್ರಿಗಳು ಕನ್ನಡವನ್ನು ಹಗುರವಾಗಿ ಕಂಡವರಲ್ಲ. ಧರ್ಮಾಧ್ಯಕ್ಷ ಶಾರ್ಬೊನ್ನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಶನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂದವು. ಕಿಟ್ಟೆಲರ ಮಹಾನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಮೂರು ನಾಲ್ಕು ದಶಕ ಮೊದಲು ಇಲ್ಲೇ ನಮ್ಮ ಊರಿನಲ್ಲಿ ಇಂಥ ಕೆಲಸ ಆಗಿತ್ತು ಎಂಬುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ಯಾರೂ ಹೇಳುತ್ತಿಲ್ಲ. ಹೇಳಬೇಕು.

ಇನ್ನು ಆ ಪುಸ್ತಕಗಳಲ್ಲಿ ಬರುವ ಹೆಸರುಗಳು: ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ, ಮರಿಯಮ್ಮ, ಜ್ಞಾನಮ್ಮ. ಹಾಳೆ ಹಾಳೆ ಇವೇ ಹೆಸರು. ಹೊಸ ಹಾಳೆಗಳಿಗೆ ಬಂದ ಹಾಗೆ ಇವು ಕಡಿಮೆಯಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣುವ ಇಂಗ್ಲಿಷ್ ಹೆಸರುಗಳು ಬರುತ್ತವೆ. ಸಾವಿನ ಪುಸ್ತಕವಂತೂ ಓದಲು ಗಟ್ಟಿ ಮನಸ್ಸು ಬೇಕು. 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ ಬೆಂಗಳೂರನ್ನು ಹೇಗೆ ಹೊಡೆದವು ಎಂಬುದು ನಗರದ ಚರಿತ್ರೆಯಲ್ಲಿದೆ. ಅದೇ ಪ್ಲೇಗಿನ ಕಾಲಕ್ಕೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತಲೆಯೆತ್ತಿದವು. ಹಳ್ಳಿಗಳಲ್ಲಿ ಏನಾಯಿತು ಎಂದು ತಿಳಿಯಬೇಕಾದರೆ ಆ ವರ್ಷಗಳ ಸಾವಿನ ಪುಸ್ತಕವನ್ನು ಹಿಂದುಮುಂದಿನ ವರ್ಷಗಳ ಜೊತೆ ಇಟ್ಟು ಎಣಿಸಬೇಕು. ಅಂಥ ಎಣಿಕೆಯನ್ನು ಸುತ್ತಮುತ್ತಲ ಹತ್ತು ಊರುಗಳಿಗಾದರೂ ಮಾಡಿದರೆ ಅದು ಚರ್ಚಿಗೆ ಮಾತ್ರವಲ್ಲ, ಕರ್ನಾಟಕದ ಆರೋಗ್ಯದ ಚರಿತ್ರೆಗೇ ಬೇಕಾದ ವಸ್ತುವಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಈ ಪುಸ್ತಕಗಳು ಸಾರ್ವಜನಿಕ ವಾಚನಾಲಯದ ಪುಸ್ತಕಗಳಲ್ಲ. ಯಾರ ತಂದೆ ಯಾರು, ಯಾವ ಮದುವೆ ಯಾಕೆ ನಿಂತಿತು, ಯಾರು ಯಾವ ಜಾತಿಯಿಂದ ಬಂದರು ಎಂಬುದೆಲ್ಲ ಅವುಗಳಲ್ಲಿರಬಹುದು. ಅವರ ಮೊಮ್ಮಕ್ಕಳು ಅದೇ ಬೀದಿಯಲ್ಲಿ ಬಾಳುತ್ತಿದ್ದಾರೆ. ಗುರುಗಳ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಒಪ್ಪಿಗೆ ಸಿಕ್ಕರೂ ಇತ್ತೀಚಿನ ಸಂಪುಟಗಳನ್ನು ತೆರೆಯಬಾರದು. ಫೋಟೊ ತೆಗೆದು ಎಲ್ಲರಿಗೂ ಹಂಚುವುದಂತೂ ಕೂಡದು. ನಾನು ಸಾಮಾನ್ಯವಾಗಿ ಒಟ್ಟು ಸಂಖ್ಯೆ, ಊರ ಹೆಸರು, ಕಸುಬಿನ ಹೆಸರು ಇಷ್ಟನ್ನೇ ಬರೆದುಕೊಳ್ಳುತ್ತೇನೆ. ಮನೆತನದ ವಿವರ ಬೇಕಾದರೆ ಆ ಮನೆತನದವರನ್ನೇ ಕೇಳುತ್ತೇನೆ. ಅವರು ಕೊಟ್ಟಷ್ಟು ನನ್ನದು.

ಬರದ ಕಾಲದ ಹಳ್ಳಿಗಳು ಮೊದಲ ಬಗೆಯಾದರೆ, ಹೊರವಲಯದ ಎರಡನೆಯ ಬಗೆಯ ಧರ್ಮಕೇಂದ್ರಗಳು ಕಾರ್ಖಾನೆಗಳ ಜೊತೆ ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಫಿಟ್ಟರು, ಟರ್ನರು, ನರ್ಸು, ಗುಮಾಸ್ತೆ ಎಂದು ಮಂಗಳೂರು, ಕೇರಳ, ತಮಿಳುನಾಡು, ಕೋಲಾರ, ಹಾಸನಗಳಿಂದ ಬಂದ ಕಥೋಲಿಕರಿಗೆ ಹತ್ತಿರದಲ್ಲಿ ಚರ್ಚು ಇರಲಿಲ್ಲ. ಯಾರದೋ ಕ್ವಾರ್ಟರ್ಸಿನ ಹಾಲ್‌ನಲ್ಲಿ ಜಪಸರ, ಶಾಲೆಯ ಕೋಣೆಯಲ್ಲಿ ತಿಂಗಳಿಗೊಂದು ಪೂಜೆ, ಆಮೇಲೆ ತಗಡಿನ ಶೆಡ್ಡು, ಆಮೇಲೆ ಕಟ್ಟಡ. ಕಾರ್ಖಾನೆ ಬಡಾವಣೆಗಳಲ್ಲಿ ಕೇಳಿದರೆ ಹೆಚ್ಚುಕಡಿಮೆ ಇದೇ ಕ್ರಮ ಸಿಗುತ್ತದೆ. ಆ ತಗಡಿನ ಶೆಡ್ಡಿನ ಕಾಲವನ್ನು ಕಂಡವರು ಈಗ ಎಂಬತ್ತರ ಮೇಲಿನವರು. ಮೊದಲ ಬೆಂಚನ್ನು ಯಾರ ಮನೆಯಿಂದ ಹೊತ್ತು ತಂದರು, ಶಿಫ್ಟು ಮುಗಿಸಿ ಬಂದವರು ರಾತ್ರಿ ಹೇಗೆ ಅಡಿಪಾಯ ತೋಡಿದರು ಎಂಬುದನ್ನು ಅವರು ಹೇಳಬಲ್ಲರು. ಅವರ ಮಕ್ಕಳು ಹೇಳಲಾರರು, ಬಹುಪಾಲು ಮಕ್ಕಳು ಊರಲ್ಲೂ ಇಲ್ಲ.

ಆಮೇಲೆ ಬಂದ ಅಪಾರ್ಟ್‌ಮೆಂಟುಗಳ ಕಾಲವನ್ನು ನೀವೇ ನೋಡುತ್ತಿದ್ದೀರಿ. ಅದರ ಜೊತೆ ಇನ್ನೊಂದು ಬದಲಾವಣೆಯೂ ಆಯಿತು. ಲ್ಯಾಟಿನ್ ವಿಧಿಯ ಧರ್ಮಕೇಂದ್ರಗಳ ಪಕ್ಕದಲ್ಲೇ ಕೇರಳ ಮೂಲದ ಸಿರೊ-ಮಲಬಾರ್ ವಿಧಿಯ ಧರ್ಮಕೇಂದ್ರಗಳು ಬೆಳೆದವು. 2010ರಲ್ಲಿ ಸ್ಥಾಪನೆಯಾದ, ಅದೇ ವಿಧಿಯ ಮಂಡ್ಯ ಧರ್ಮಪ್ರಾಂತ್ಯಕ್ಕೆ 2015ರಲ್ಲಿ ಬೆಂಗಳೂರಿನ ಸಿರೊ-ಮಲಬಾರ್ ಜನರೂ ಸೇರಿದರು. ಒಂದೇ ರಸ್ತೆಯಲ್ಲಿ ಎರಡು ಕಥೋಲಿಕ ಚರ್ಚುಗಳು ಏಕೆ ಎಂದು ಹೊರಗಿನವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಭಾಷೆಯ ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಸಂವಿಧಾನವನ್ನು ಒಪ್ಪಿಕೊಂಡಿತು. ಪೂಜೆ ಜನರ ಭಾಷೆಯಲ್ಲಿ ನಡೆಯುವುದಕ್ಕೆ ದಾರಿ ತೆರೆಯಿತು. ಬೆಂಗಳೂರಿನಲ್ಲಿ ಕೂಡಲೇ ಎದ್ದ ಪ್ರಶ್ನೆ, ಯಾವ ಜನರ ಭಾಷೆ? ದಂಡಿನ ಪ್ರದೇಶದಲ್ಲಿ ತಮಿಳು ಬೇರು ಬಿಟ್ಟಿತ್ತು, ಇಂಗ್ಲಿಷ್ ಇತ್ತು, ಕೊಂಕಣಿ, ಮಲಯಾಳ ಬಂದವು. ಕನ್ನಡ ಕಥೋಲಿಕರು ತಮ್ಮ ರಾಜಧಾನಿಯಲ್ಲೇ ಕನ್ನಡ ಪೂಜೆಗಾಗಿ ಕೇಳಬೇಕಾಯಿತು, ಹೋರಾಡಬೇಕಾಯಿತು. ಆ ನೋವು ನಿಜವಾದದ್ದು. ಅದನ್ನು ಮುಚ್ಚಿ ಬರೆದ ಧರ್ಮಕೇಂದ್ರದ ಚರಿತ್ರೆ ಅರ್ಧ ಚರಿತ್ರೆ. ಅಷ್ಟೇ ನಿಜವಾದದ್ದು ಎಂದರೆ ಮೂರು ತಲೆಮಾರಿನಿಂದ ಅದೇ ಊರಿನಲ್ಲಿ ಇಟ್ಟಿಗೆ ಹೊತ್ತು ಬದುಕಿದ ತಮಿಳು ಕುಟುಂಬದ ಪ್ರಾರ್ಥನೆಯ ಭಾಷೆಯೂ. ಇಬ್ಬರ ಮಾತನ್ನೂ ಅವರವರ ಬಾಯಿಂದ ಕೇಳಿ ಪಕ್ಕಪಕ್ಕದಲ್ಲಿ ಬರೆಯಬೇಕು. ನಾನು ಕಂಡಂತೆ ಹೊರವಲಯದ ಹಳೆಯ ಹಳ್ಳಿಗಳಾದ ಧರ್ಮಕೇಂದ್ರಗಳೇ ಕನ್ನಡದ ಗಟ್ಟಿ ನೆಲೆಗಳು. ಅಲ್ಲಿನ ತಪಸ್ಸುಕಾಲದ ಹಾಡು, ಸಾವಿನ ಮನೆಯ ಹಾಡು, ಹಬ್ಬಕ್ಕೆ ಕೊಡಿಮರ ಏರಿಸುವಾಗಿನ ಕೂಗು, ತೇರಿನ ಮುಂದಿನ ತಮಟೆ ಇವೆಲ್ಲ ಸುತ್ತಲಿನ ಹಳ್ಳಿಯ ಜೀವನದ ಜೊತೆ ಬೆರೆತಿವೆ. ನಗರ ಅವನ್ನು ನುಂಗಿದಾಗ ಪೂಜೆಯ ವೇಳಾಪಟ್ಟಿಯಲ್ಲಿ ಕನ್ನಡ ಉಳಿದರೂ ಹಾಡುಗಳು ಉಳಿಯುವುದು ಕಷ್ಟ. ಹಾಡುಗಳನ್ನು ಈಗಲೇ ಧ್ವನಿಮುದ್ರಣ ಮಾಡಿಕೊಳ್ಳಬೇಕು.

ಈಗ ಕಟ್ಟಡಗಳ ಮಾತು. ಹೊರವಲಯದಲ್ಲಿ ಜನ ಹೆಚ್ಚಾದಂತೆ ಹಳೆಯ ಚರ್ಚು ಚಿಕ್ಕದಾಗುತ್ತದೆ, ಅದನ್ನು ಕೆಡವಿ ದೊಡ್ಡದನ್ನು ಕಟ್ಟುತ್ತಾರೆ. ಭಾನುವಾರ ಬಿಸಿಲಲ್ಲಿ ಹೊರಗೆ ನಿಂತು ಪೂಜೆ ಕೇಳುವ ಜನರನ್ನು ನೋಡಿದ ಮೇಲೆ ಕೆಡವಬೇಡಿ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಕೆಡವುವ ಮೊದಲು ಅಳತೆ ತೆಗೆದುಕೊಳ್ಳಬಾರದೇ? ಹಳೆಯ ಚರ್ಚುಗಳಲ್ಲಿ ಗಾರೆಯ ಗೋಡೆ, ಕಮಾನಿನ ಕಿಟಕಿ, ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದರಾಸು ತಾರಸಿ, ಇಲ್ಲವೇ ಮಂಗಳೂರು ಹೆಂಚು. ಹೆಂಚನ್ನು ಇಳಿಸುವಾಗ ಒಂದನ್ನು ಮಗುಚಿ ನೋಡಿ. ಕಾರ್ಖಾನೆಯ ಮುದ್ರೆ ಇರುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಬಾಸೆಲ್ ಮಿಶನ್ ಪ್ರೊಟೆಸ್ಟಂಟರದು. ಆ ಹೆಂಚುಗಳಿಗೆ ಮಾರುಕಟ್ಟೆಯಲ್ಲಿ ಮತಭೇದ ಇರಲಿಲ್ಲ, ಎಲ್ಲರ ಮನೆಯ ಮೇಲೂ ಕೂತವು. ಮುದ್ರೆಯಿಂದ ಮಾಡು ಯಾವ ಕಾಲದ್ದು, ಯಾವಾಗ ದುರಸ್ತಿಯಾಯಿತು ಎಂದು ಊಹಿಸಬಹುದು. ಗಂಟೆಯ ಮೈಮೇಲೆ ಎರಕ ಹೊಯ್ದವರ ಹೆಸರು, ಇಸವಿ, ದಾನಿಯ ಹೆಸರು ಇರುವುದುಂಟು. ಬಲಿಪೀಠದ ಹಿಂಬದಿ, ಮೆಟ್ಟಿಲ ಕಲ್ಲು, ತೀರ್ಥದ ತೊಟ್ಟಿ ಇವುಗಳನ್ನು ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತು ನೋಡಬೇಕು. ಸವೆದ ಅಕ್ಷರ ಆಗ ಎದ್ದು ಕಾಣುತ್ತದೆ. ಶಾಸನ ಓದುವವರು ಬೇಗೂರಿನ ಕಲ್ಲಿನಿಂದ ಹಿಡಿದು ನೂರಾರು ಕಲ್ಲುಗಳನ್ನು ಹೀಗೆಯೇ ಓದಿಕೊಟ್ಟರು. ಒಂಬತ್ತನೆಯ ಶತಮಾನದ ಆ ಒಂದು ಕಲ್ಲಿನಿಂದ ಬೆಂಗಳೂರು ಎಂಬ ಹೆಸರಿನ ಹಳಮೆ ನಮಗೆ ತಿಳಿಯಿತು.

ಸಮಾಧಿ ಭೂಮಿಗೆ ಹೋಗಲು ನವೆಂಬರ್ 2, ಸಕಲ ಆತ್ಮಗಳ ದಿನ, ಒಳ್ಳೆಯ ದಿನ. ಕುಟುಂಬದವರು ಕಳೆ ಕಿತ್ತು, ಸುಣ್ಣ ಬಳಿದು, ಹೂವು ಮೇಣದಬತ್ತಿ ಇಟ್ಟಿರುತ್ತಾರೆ. ಪ್ರತಿ ಸಮಾಧಿಯ ಪಕ್ಕ ಮಾತಾಡಬಲ್ಲವರು ಒಬ್ಬರು ನಿಂತಿರುತ್ತಾರೆ. ಬೇರೆ ದಿನ ಹೋದರೆ ಕಲ್ಲು ಮಾತ್ರ ಸಿಗುತ್ತದೆ. ಜಾಗ ಸಾಲದೆ ಹಳೆಯ ಗುಂಡಿಗಳನ್ನೇ ಮತ್ತೆ ತೆರೆಯುವ ಊರುಗಳೂ ಇವೆ. ಅಲ್ಲಿ ಹಳೆಯ ಕಲ್ಲುಗಳನ್ನು ಕಾಂಪೌಂಡಿಗೆ ಒರಗಿಸಿ ಇಟ್ಟಿರುತ್ತಾರೆ. ಅವುಗಳ ಫೋಟೊ ಮೊದಲು ತೆಗೆಯಬೇಕು.

ಧರ್ಮಕೇಂದ್ರಗಳು ತಮ್ಮ ಚರಿತ್ರೆಯನ್ನು ಬರೆದೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಬೆಳ್ಳಿಹಬ್ಬಕ್ಕೆ, ಸುವರ್ಣ ಮಹೋತ್ಸವಕ್ಕೆ, ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ಬರುತ್ತದೆ. ಸಿಕ್ಕ ಸಂಚಿಕೆಗಳನ್ನೆಲ್ಲ ನಾನು ಸಂಗ್ರಹಿಸುತ್ತೇನೆ, ಅವುಗಳಿಂದ ತುಂಬಾ ಕಲಿತಿದ್ದೇನೆ. ಮೊದಲ ಪುಟಗಳಲ್ಲಿ ಸಂದೇಶಗಳು, ಆಮೇಲೆ ಸೇವೆ ಮಾಡಿದ ಗುರುಗಳ ಪಟ್ಟಿ, ದಾನಿಗಳ ಫೋಟೊ, ಜಾಹೀರಾತು. ನಡುವೆ ಎಲ್ಲೋ ಎರಡು ಮೂರು ಪುಟ ಊರಿನ ಚರಿತ್ರೆ. ಆ ಎರಡು ಮೂರು ಪುಟಗಳಲ್ಲೂ ಒಬ್ಬ ವ್ಯಕ್ತಿ ಬಹುತೇಕ ಕಾಣಿಸುವುದಿಲ್ಲ. ಉಪದೇಶಿ.

ಹಳೆಯ ಕಾಲದಲ್ಲಿ ಒಬ್ಬ ಗುರುವಿಗೆ ಹತ್ತಾರು ಹಳ್ಳಿ. ಅವರು ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ತಿಂಗಳಿಗೊಮ್ಮೆ, ಕೆಲವು ಕಡೆ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದರು. ಉಳಿದ ದಿನಗಳಲ್ಲಿ ಊರಿನ ಧರ್ಮವನ್ನು ಹಿಡಿದು ನಿಲ್ಲಿಸಿದ್ದು ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಭಾನುವಾರ ಜನರನ್ನು ಕೂಡಿಸಿ ಜಪಸರ ಹೇಳಿಸುವುದು, ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ತಾನೇ ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣುಮಾಡುವಾಗ ಪ್ರಾರ್ಥನೆ ಹೇಳುವುದು, ಮದುವೆಗೆ ಗಂಡು ಹೆಣ್ಣಿನ ಸಂಬಂಧ ವಿಚಾರಿಸುವುದು, ಗುರುಗಳು ಬಂದಾಗ ಎಲ್ಲದರ ಲೆಕ್ಕ ಒಪ್ಪಿಸುವುದು. ಗಂಟೆ ಹೊಡೆಯುವುದೂ ಎಷ್ಟೋ ಕಡೆ ಅವರದೇ ಕೆಲಸ. ಅವರಿಗೆ ಸಿಗುತ್ತಿದ್ದುದು ಸಣ್ಣ ಸಂಬಳ ಮತ್ತು ಸುಗ್ಗಿಯಲ್ಲಿ ಜನ ಕೊಡುವ ರಾಗಿ. ಅವರ ಮನೆಯ ಹೆಂಗಸರು ಗುಡಿಯ ಕಸ ಗುಡಿಸಿ, ಪೀಠದ ಬಟ್ಟೆ ಒಗೆದು, ಬಂದ ಗುರುಗಳಿಗೆ ಅಡುಗೆ ಮಾಡಿದರು. ಆ ಹೆಂಗಸರ ಹೆಸರಂತೂ ಯಾವ ಸಂಚಿಕೆಯಲ್ಲೂ ನನಗೆ ಸಿಕ್ಕಿಲ್ಲ. ಗುರುಗಳ ಪಟ್ಟಿ ಬೇಕು, ಅವರು ಮನೆಮಠ ಬಿಟ್ಟು ದೂರದಿಂದ ಬಂದು ಇಲ್ಲೇ ಮಣ್ಣಾದವರು. ಆ ಪಟ್ಟಿಯ ಪಕ್ಕದಲ್ಲಿ ಉಪದೇಶಿಗಳ ಪಟ್ಟಿಯೂ ಬರಬೇಕು ಎಂಬುದು ನನ್ನ ಹಟ. ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ, ನಿಮ್ಮಲ್ಲಿ ಉಪದೇಶಿಗಳ ಮನೆ ಯಾವುದು? ಆ ಮನೆಯನ್ನು ಜನ ಇನ್ನೂ ತೋರಿಸುತ್ತಾರೆ.

ಇಂಥ ಕೆಲಸ ಚರ್ಚಿಗೆ ಹೊಸದಲ್ಲ ಎಂದು ನೆನಪಿಸಬೇಕು. ಮೈಸೂರು ಸೀಮೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಓಡಾಡಿ ಜನ ದೊಡ್ಡಸ್ವಾಮಿ ಎಂದು ಕರೆದ ಅಬ್ಬೆ ದುಬಾಯ್ ನಮ್ಮ ಜನರ ನಡೆನುಡಿಗಳ ಬಗ್ಗೆ ಪುಸ್ತಕ ಬರೆದರು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ನಾವು ಒಪ್ಪದ ಮಾತು ಬಹಳ ಇವೆ, ಆದರೂ ಜನರ ಬದುಕನ್ನು ಬರೆದಿಟ್ಟ ಕೆಲಸ ಅದು. 1909ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದ ಫಾದರ್ ತಬಾರ್ ಪ್ಯಾರಿಸ್ ಮಿಶನ್ನಿನ ಗುರು, ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನವರು. ಕರ್ನಾಟಕದ ಇತಿಹಾಸಕ್ಕೆ ಆ ಸಂಸ್ಥೆ ಮಾಡಿದ ಸೇವೆ ಎಲ್ಲರಿಗೂ ಗೊತ್ತು. ಒಬ್ಬ ಧರ್ಮಕೇಂದ್ರದ ಗುರು ನಾಡಿನ ಚರಿತ್ರೆಗೆ ಅಷ್ಟು ಮಾಡಬಹುದಾದರೆ ನಾಡಿನ ಚರಿತ್ರೆಕಾರರು ಧರ್ಮಕೇಂದ್ರಗಳ ಚರಿತ್ರೆಗೆ ಏನಾದರೂ ಮಾಡುವುದು ನ್ಯಾಯ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ಒಂದೊಂದು ಊರನ್ನು ಹಂಚಿಕೊಟ್ಟರೆ, ಲ್ಯಾಟಿನ್ ಬಲ್ಲ ಹಿರಿಯ ಗುರುಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ನೆರವು ಪಡೆದರೆ, ಬಹಳ ಆಗುತ್ತದೆ. ಫ್ರೆಂಚ್ ಬಲ್ಲವರಿಗೆ ಪ್ಯಾರಿಸ್ಸಿನ ರ‍್ಯೂ ದು ಬಾಕ್ ಬೀದಿಯಲ್ಲಿ ನೆಲೆಯೂರಿದ ಆ ಮಿಶನ್ನಿನ ಪತ್ರಾಗಾರ ಇದೆ. ಇಲ್ಲಿಂದ ಪ್ರತಿ ವರ್ಷ ಹೋದ ವರದಿಗಳು ಅಲ್ಲಿವೆ.

ಕೇಳುಗರಲ್ಲಿ ಉಪದೇಶಿಗಳ ಮನೆತನದವರು ಇದ್ದರೆ ಅವರಿಗೆ ನನ್ನದೊಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಅಜ್ಜನೋ ಮುತ್ತಜ್ಜನೋ ಕೈಯಲ್ಲಿ ಬರೆದ ನೋಟುಬುಕ್ಕು ಇರಬಹುದು. ಜಪಗಳು, ಶಿಲುಬೆ ಹಾದಿಯ ಪ್ರಾರ್ಥನೆ, ಸಾವಿನ ಹಾಡು, ಯಾರಿಗೆ ಯಾವಾಗ ಕೂಸು ಹುಟ್ಟಿತು ಎಂಬ ಗುರುತು, ರಾಗಿಯ ಲೆಕ್ಕ ಎಲ್ಲ ಒಂದೇ ಪುಸ್ತಕದಲ್ಲಿ ಕಲಸಿಕೊಂಡಿರುತ್ತವೆ. ಹರಿದಿದೆ, ಗೆದ್ದಲು ತಿಂದಿದೆ ಎಂದು ಎಸೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಯೂ ಇಡಬೇಡಿ, ತೇವ ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಗಲು ಬೆಳಕಿನಲ್ಲಿ, ಹಾಳೆಯನ್ನು ಸಮತಟ್ಟಾಗಿ ಹರಡಿ, ಖಾಲಿ ಹಾಳೆಗಳನ್ನೂ ಬಿಡದೆ ಮೊದಲಿನಿಂದ ಕೊನೆಯ ತನಕ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬರೆದವರ ಹೆಸರು, ಅವರು ಯಾವ ಊರಿನ ಗುಡಿಯ ಉಪದೇಶಿ, ಯಾವ ಕಾಲದವರು ಎಂದು ನಿಮಗೆ ತಿಳಿದಷ್ಟನ್ನು ಒಂದು ಕಾಗದದಲ್ಲಿ ಬರೆದು ಅದರ ಜೊತೆ ಇಡಿ. ಒಂದು ಪ್ರತಿಯನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಕೊಟ್ಟು ದಫ್ತರದ ಕಪಾಟಿನಲ್ಲಿ ಸೇರಿಸಲು ಹೇಳಿ. ಮೂಲ ಪುಸ್ತಕ ನಿಮ್ಮ ಮನೆಯಲ್ಲೇ ಇರಲಿ, ಅದು ನಿಮ್ಮ ಅಜ್ಜನ ಕೈಬರಹ.